ನರಹರಿಯವರ ಆಕ್ಟೇವ್ ಡಬ್ಬಿ

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಿಂದ ನಮ್ಮ ಅಭ್ಯಾಸದ ಜಾಗಕ್ಕೆ ಹೋಗುವ ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಅದರ ತಂತಿಬೇಲಿಯ ಪಕ್ಕ ನಿಂತು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ ಮನುಷ್ಯನನ್ನು ಕಂಡವರು, ಪಾಪ, ಏನೋ ಹೆಚ್ಚುಕಡಿಮೆ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಿದ್ದರು. ಅವರೇ ನರಹರಿ, ನಮ್ಮ ಆರ್ಕೆಸ್ಟ್ರಾದ ಗಿಟಾರ್ ವಾದಕರು. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ ‘ಜಿ’ ಸ್ವರದ ಹತ್ತಿರ ಇರುತ್ತದೆ, ಊರಿನಲ್ಲಿ ಕರೆಂಟಿನ ಮೇಲೆ ಹೊರೆ ಹೆಚ್ಚಾದಾಗ ಆ ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ ಎಂದು ಅವರು ಕಂಡುಕೊಂಡಿದ್ದರು. ಅಭ್ಯಾಸಕ್ಕೆ ಬಂದವರೇ, “ಇವತ್ತು ಇಳಿದಿದೆ, ಮೇಣದಬತ್ತಿ ತೆಗೆದಿಡಿ” ಎನ್ನುತ್ತಿದ್ದರು. ಅಭ್ಯಾಸ ಮುಗಿಯುವುದರೊಳಗೆ ಕರೆಂಟು ಹೋಗುತ್ತಿದ್ದದ್ದೇ ಹೆಚ್ಚು. ಹೋಗದ ದಿನ ತಪ್ಪು ಕರೆಂಟಿನದು, ಅವರದಲ್ಲ.

ಅದು ಎಂಬತ್ತರ ದಶಕ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ, ಶನಿವಾರ ಭಾನುವಾರ ನಾನು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಆರ್ಕೆಸ್ಟ್ರಾ ಮಂಜಣ್ಣನದು. ಅಭ್ಯಾಸ ಅವರ ಮನೆಯ ಕಾರ್ ಶೆಡ್ಡಿನಲ್ಲಿ; ಕಾರ್ ಇರಲಿಲ್ಲ, ಶೆಡ್ಡು ಮಾತ್ರ ಇತ್ತು. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು, ರಾಜ್ಯೋತ್ಸವ, ಎಲ್ಲಿ ಕರೆದರೂ ನಮ್ಮ ಮೆಟಡಾರ್ ವ್ಯಾನು ಹೊರಡುತ್ತಿತ್ತು.

ನರಹರಿ ಬಸವನಗುಡಿಯವರು, ವಿಮಾ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ತಾಯಿ, ಅಕ್ಕಂದಿರೆಲ್ಲ ವೀಣೆ ನುಡಿಸುತ್ತಿದ್ದರು. ಇವರು ಗಿಟಾರ್ ಹಿಡಿದಾಗ ತಂದೆ ಒಂದು ವರ್ಷ ಮಾತು ಬಿಟ್ಟಿದ್ದರಂತೆ. “ಕಿವಿ ಒಂದಿದ್ರೆ ಸಾಕಮ್ಮ, ಮಿಕ್ಕಿದ್ದೆಲ್ಲ ಬಾಡಿಗೆಗೆ ಸಿಗುತ್ತೆ” ಎನ್ನುವುದು ಅವರ ಮಾತು. ಒಳ್ಳೆಯವರು, ಆದರೆ ಜಂಬದ ಮನುಷ್ಯ. ತಬಲಾದವನ ತಪ್ಪು, ನನ್ನ ತಪ್ಪು, ಎದುರು ಮನೆಯ ರೇಡಿಯೋದಲ್ಲಿ ಹಾಡುವವರ ತಪ್ಪು, ಎಲ್ಲವನ್ನೂ ಎತ್ತಿ ಆಡುತ್ತಿದ್ದರು. “ನನ್ನ ಕೈ ಅಪಸ್ವರ ಹಿಡಿದ ದಿನ ಗಿಟಾರಿಗೆ ಕೈಮುಗಿದು ಇಟ್ಟುಬಿಡ್ತೀನಿ” ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಹಾಗೆ ಹಿಡಿದದ್ದನ್ನು ನಾವು ಯಾರೂ ಕೇಳಿರಲಿಲ್ಲ ಎನ್ನುವುದೂ ನಿಜ.

ಅವರ ಬೈಗುಳದ ಸಿಂಹಪಾಲು ದೊರೈರಾಜನಿಗೆ ಸಲ್ಲುತ್ತಿತ್ತು. ದೊರೈ ನಮ್ಮ ಬೇಸ್ ಗಿಟಾರ್ ವಾದಕ; ಹಾಡಿನ ಅಡಿಯ ಮಂದ್ರ ಸ್ವರಗಳೆಲ್ಲ ಅವನವು. ಮಡಿವಾಳದಲ್ಲಿ ಸಣ್ಣದೊಂದು ಸೈಕಲ್ ಅಂಗಡಿ ಇಟ್ಟಿದ್ದ. ವಾರವೆಲ್ಲ ಪಂಕ್ಚರ್ ಹಾಕಿ ಕಪ್ಪಾದ ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ವೇದಿಕೆಯ ಮೇಲೆ ನಿಂತಾಗ ಅವನು ಬೇರೆಯೇ ಮನುಷ್ಯ. “ವಾರಕ್ಕೆ ಒಂದಿನ ನಾನೂ ದೊರೆ, ಮೇಡಂ” ಎಂದು ನನ್ನ ಹತ್ತಿರ ನಗುತ್ತಿದ್ದ. ಮೆಟಡಾರಿನಲ್ಲಿ ಅವರಿಬ್ಬರದು ಒಂದೇ ಸೀಟು. “ತಾಳಕ್ಕೆ ಅರ್ಧ ಅಕ್ಷರ ಹಿಂದೆ ಬೀಳ್ತೀಯಲ್ಲೋ” ಎಂದು ಅವರು ಬೈಯುವುದು, “ಹೌದಣ್ಣ” ಎಂದು ಅವನು ಕಿಟಕಿ ಕಡೆ ನೋಡುವುದು, ದಾರಿಯುದ್ದಕ್ಕೂ ನಡೆಯುತ್ತಿತ್ತು.

ಡಬ್ಬಿ ಬಂದದ್ದು ಮದರಾಸಿನಿಂದ. ಗಿಟಾರಿಗೂ ಸ್ಪೀಕರಿಗೂ ನಡುವೆ ವೈರಿನಿಂದ ಜೋಡಿಸಿ, ಕಾಲಿನಿಂದ ಒತ್ತುವ ಆಕ್ಟೇವ್ ಪೆಡಲ್ ಅದು. ಹಡಗಿನವರಿಂದ ಇಂಥ ಸಾಮಾನು ಕೊಂಡು ಮಾರುವ ಅಂಗಡಿಯೊಂದಿದೆ ಎಂದು ಕೇಳಿ ನರಹರಿ ತಮ್ಮ ಗಿಟಾರನ್ನೇ ಹೊತ್ತುಕೊಂಡು ರೈಲು ಹತ್ತಿದ್ದರು. ಅಲ್ಲಿ ಎರಡು ಪೆಡಲ್ ಇದ್ದವಂತೆ. ಒಂದು ಬಾರಿಸಿದ ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವಂಥದು, ಇನ್ನೊಂದು ಕೆಳಗಿನ ಸ್ಥಾಯಿಗೆ ಇಳಿಸುವಂಥದು. ಮೇಲಿನದು ಅಬ್ಬರಿಸುತ್ತಿತ್ತು, ಅಂಗಡಿಯವನು ಅದನ್ನೇ ಹೊಗಳಿದ. ಇವರು ಇಳಿಸುವುದನ್ನು ತಂದರು.

“ಅಂಗಡೀಲಿ ಎಲ್ಲಾ ಡಬ್ಬೀನೂ ಜೋರಾಗೇ ಕೂಗುತ್ತೆ” ಎಂದು ನಮಗೆಲ್ಲ ವಿವರಿಸಿದರು. “ಶುರುವಾಗೋದನ್ನ ನೋಡ್ಬಾರ್ದು, ಮುಗಿಯೋದನ್ನ ನೋಡ್ಬೇಕು. ಒಂದು ಸ್ವರ ಬಾರಿಸಿ ಹಾಗೇ ಬಿಟ್ಟುಬಿಡಿ. ಅದು ಸಣ್ಣಗಾಗ್ತಾ ಸಾಯುತ್ತಲ್ಲ, ಆಗ ಕೆಳಗಿನ ಸ್ವರ ತೊದಲಿದ್ರೆ ಆ ಡಬ್ಬಿ ಬೇಡ. ಇದು ತೊದಲಲ್ಲ ನೋಡಿ.”

ಬಾರಿಸಿ ತೋರಿಸಿದರು. ಮಧ್ಯ ಸ್ಥಾಯಿಯ ಷಡ್ಜ ಹಿಡಿದರೆ ಅದರ ಅಡಿಯಲ್ಲೇ ಮಂದ್ರ ಷಡ್ಜವೂ ಮೊಳಗಿತು. ಶೆಡ್ಡಿನ ತಗಡು ಅದುರಿತು. “ಅಣ್ಣ ನಡೆದ್ರೆ ಹಿಂದೇನೇ ತಮ್ಮ ಬರ್ತಾನೆ. ಆದ್ರೆ ಈ ತಮ್ಮ ಸ್ವಲ್ಪ ಮಂದ. ಒಂದು ಸಲಕ್ಕೆ ಒಂದೇ ಸ್ವರ ಅವನಿಗೆ ಅರ್ಥ ಆಗೋದು. ಎರಡು ತಂತಿ ಒಟ್ಟಿಗೆ ಮುಟ್ಟಿದ್ರೋ, ಯಾರ ಹಿಂದೆ ಹೋಗ್ಲಿ ಅಂತ ಗೊತ್ತಾಗ್ದೆ ಒದ್ದಾಡ್ತಾನೆ” ಎಂದು ಎರಡು ತಂತಿ ಮೀಟಿದರು. ಬಾಯಿ ತುಂಬ ನೀರಿಟ್ಟುಕೊಂಡು ಗಳಗಳ ಮುಕ್ಕಳಿಸಿದಂಥ ಸದ್ದು ಬಂತು. ನಾವು ನಕ್ಕೆವು. ದೊರೈ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ವರ್ಷದ ಆಯುಧಪೂಜೆಗೆ ವಾದ್ಯಗಳನ್ನೆಲ್ಲ ಶೆಡ್ಡಿನಲ್ಲಿ ಸಾಲಾಗಿ ಇಟ್ಟೆವು. ಮಂಜಣ್ಣನ ತಾಯಿ ತಬಲಾ, ಗಿಟಾರು, ಮೈಕುಗಳಿಗೆಲ್ಲ ಗಂಧ ಕುಂಕುಮ ಇಟ್ಟುಕೊಂಡು ಬಂದವರು, ಹೊಸ ಸಾಮಾನೆಂದು ಡಬ್ಬಿಗೆ ಎರಡು ಕೈ ಹೆಚ್ಚಾಗಿಯೇ ಮೆತ್ತಿದರು. ಆಮೇಲೆ ನರಹರಿ ಅದರ ಮೇಲೆ ಕಾಲಿಟ್ಟದ್ದನ್ನು ನೋಡಿ, “ಅಯ್ಯೋ, ಪೂಜೆ ಮಾಡಿದ್ದನ್ನ ತುಳೀತಾರೇನೋ ನರಹರಿ!” ಎಂದು ಕೂಗಿಕೊಂಡರು. ಅಂದಿನಿಂದ ನರಹರಿಯವರಿಗೆ ಒಂದು ಪದ್ಧತಿ ಬಂತು. ವೇದಿಕೆಗೆ ಹತ್ತಿದ ಮೇಲೆ ಶೂ ಬಿಚ್ಚಿಡುವುದು, ಬಗ್ಗಿ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ಬರಿಗಾಲಿನಲ್ಲಿ ಒತ್ತುವುದು. ಸೂಟು, ಟೈ, ಬರಿಗಾಲು. ಅವರು ಯಾರ ನಗುವನ್ನೂ ಲೆಕ್ಕಕ್ಕಿಡಲಿಲ್ಲ.

ಪೂಜೆಯ ಫಲ ಆ ವಾರದ ಆರತಕ್ಷತೆಯಲ್ಲೇ ಸಿಕ್ಕಿತು. ಗಂಧ ಗುಂಡಿಯ ಸಂದಿಗಿಳಿದು ಒಣಗಿ, ಒಮ್ಮೆ ಒತ್ತಿದ ಡಬ್ಬಿ ಮತ್ತೆ ಬಿಡಲೇ ಇಲ್ಲ. ಸಂಜೆಯಿಡೀ ನರಹರಿಯವರ ಪ್ರತಿ ಸ್ವರದ ಕೆಳಗೂ ಡಬ್ಬಿಯ ತಮ್ಮ ಹಿಂಬಾಲಿಸಿದ. ಅವರು ಹಲ್ಲು ಕಚ್ಚಿಕೊಂಡು ಒಂದೊಂದೇ ತಂತಿ ಮೀಟುತ್ತ ನಿಭಾಯಿಸಿದರು. ಅದೇ ದಿನ ದೊರೈ ದೇವಿಯ ಮೆರವಣಿಗೆಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು, ಊಟದ ಹೊತ್ತಿಗೆ ಬಂದ. ಬೇಸ್ ಇಲ್ಲದ್ದು ಛತ್ರದಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಮಂಜಣ್ಣನಿಗೆ ಮಾತ್ರ ಗೊತ್ತಾಗಿತ್ತು.

ಮುಂದಿನ ಅಭ್ಯಾಸದಲ್ಲಿ, ದೊರೈ ಟೀ ತರಲು ಹೋಗಿದ್ದಾಗ ಮಂಜಣ್ಣ ನರಹರಿಯವರ ಹತ್ತಿರ ಮಾತು ತೆಗೆದರು. “ಡಬ್ಬೀನೇ ಬೇಸ್ ಕೊಡೋವಾಗ ದೊರೈ ಯಾಕೆ, ಗುರು? ಅವನು, ಅವನ ಬೇಸು, ಅವನ ಆ ಬೀರು ಗಾತ್ರದ ಸ್ಪೀಕರು, ಗಾಡೀಲಿ ಮೂರು ಜನರ ಜಾಗ. ರಾಜ್ಯೋತ್ಸವದ ಪ್ರೋಗ್ರಾಮಲ್ಲಿ ನೀವೊಬ್ರೇ ಮಾಡಿ ನೋಡಿ. ಸರಿಹೋದ್ರೆ ಮುಂದಕ್ಕೆ ಅವನು ಬೇಡ.”

ದೊರೈ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ. ಒಳಗೆ ಬಂದು ಎಲ್ಲರ ಲೋಟಗಳಿಗೂ ಟೀ ಬಗ್ಗಿಸಿದ. ಎಲ್ಲರಿಗೂ ಬೈಯುವ ನರಹರಿ ಮಂಜಣ್ಣನಿಗೆ ಒಂದು ಮಾತು ಬೈಯುತ್ತಾರೆಂದು ಕಾದೆ. ಅವರು ಟೀ ಊದಿಕೊಂಡು, “ನೋಡೋಣ” ಎಂದರು, ಅಷ್ಟೆ. ನನಗೆ ಅವರ ಮೇಲೆ ಸಿಟ್ಟು ಬಂತು. ತಮ್ಮ ಆಟದ ಸಾಮಾನಿನ ಮೋಹ ಇವರಿಗೆ ಹೆಚ್ಚಾಯಿತು ಎಂದುಕೊಂಡೆ.

ರಾಜ್ಯೋತ್ಸವದ ಪೆಂಡಾಲು ಜೆ.ಪಿ. ನಗರದಲ್ಲಿ. ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ದೊರೈ ಬೇಸ್ ಹೊತ್ತುಕೊಂಡೇ ಬಂದಿದ್ದ. ಮಂಜಣ್ಣ, “ನೀನು ಇವತ್ತು ಮೈಕ್ ವೈರ್ ನೋಡ್ಕೋ” ಎಂದರು. ಅವನು ವೇದಿಕೆಯ ಪಕ್ಕ ವೈರಿನ ಸುರುಳಿ ಬಿಚ್ಚುತ್ತ ಕುಳಿತ. ನರಹರಿ ಅವನ ಹತ್ತಿರ ಹೋಗಿ, “ಬೇಸ್ ಶ್ರುತಿ ಮಾಡಿಟ್ಕೋ” ಎಂದದ್ದು ನನಗೆ ಕೇಳಿಸಿತು.

“ಯಾಕಣ್ಣ, ಇವತ್ತು ನಾನಿಲ್ವಲ್ಲ?”

“ಮಾಡಿಟ್ಕೋ ಅಂದೆ.”

ಮೊದಲ ಹಾಡು ಬೊಂಬಾಟಾಗಿ ಹೋಯಿತು. ಡಬ್ಬಿಯ ಮಂದ್ರ ಪೆಂಡಾಲಿನ ಗಳುಗಳನ್ನು ನಡುಗಿಸಿತು. ಮಂಜಣ್ಣ ಹೆಬ್ಬೆರಳು ಎತ್ತಿ ತೋರಿಸಿದರು. ನರಹರಿಯವರ ಮುಖದಲ್ಲಿ ಸಂತೋಷ ಇತ್ತು, ಸುಳ್ಳು ಹೇಳಬಾರದು. ಆಮೇಲೆ ಅವರು ದೊರೈ ಕಡೆ ತಿರುಗಿದರು, ನಾನೂ ತಿರುಗಿದೆ. ಅವನು ತಲೆ ತಗ್ಗಿಸಿ ಕುಳಿತಿದ್ದ. ಎಡಗೈ ಬೆರಳುಗಳು ಅವನ ತೊಡೆಯ ಮೇಲೆ, ಮುಗಿದುಹೋದ ಆ ಹಾಡಿನ ಬೇಸನ್ನು ಇನ್ನೂ ಒತ್ತುತ್ತಿದ್ದವು.

ಎರಡನೆಯ ಹಾಡಿನ ಚರಣದಲ್ಲಿ ನನ್ನ ಬೆನ್ನ ಹಿಂದೆ ಗಳಗಳ ಎಂದಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಮುಂದೆ ಕುಳಿತ ಮಕ್ಕಳು ಕೇಕೆ ಹಾಕಿ ನಕ್ಕು, ತಾವೂ ಗಳಗಳ ಎನ್ನತೊಡಗಿದರು. ತಿರುಗಿ ನೋಡಿದೆ. ನರಹರಿಯವರ ಉಂಗುರದ ಬೆರಳು ಪಕ್ಕದ ತಂತಿಯ ಮೇಲೂ ಕುಳಿತಿತ್ತು. ಹಾಡು ನಿಂತಿತು.

“ಏನ್ರೀ ಇದು ನರಹರಿ?” ಮಂಜಣ್ಣ ಓಡಿ ಬಂದರು.

“ಕೈ ತಪ್ಪಿತು ಮಂಜಣ್ಣ. ವಯಸ್ಸಾಯ್ತು ನೋಡಿ. ಡಬ್ಬಿ ಕಟ್ಕೊಂಡು ಬೇಸ್ ನಿಭಾಯ್ಸೋಕೆ ನನ್ನಿಂದಾಗಲ್ಲ. ದೊರೈನ ಕರೀರಿ.”

ಮೈಕು ಹತ್ತಿರವೇ ಇತ್ತು. ಪೆಂಡಾಲಿಗೆಲ್ಲ ಕೇಳಿಸಿತು. ದೊರೈ ಶ್ರುತಿ ಮಾಡಿಟ್ಟ ಬೇಸನ್ನು ಹಾಕಿಕೊಂಡು ಮೇಲೆ ಬಂದ, ಕಾರ್ಯಕ್ರಮ ಮುಂದುವರಿಯಿತು. ಮುಗಿದ ಮೇಲೆ ನರಹರಿ ಬಗ್ಗಿ ಡಬ್ಬಿಯನ್ನು ಮುಟ್ಟಿ ಇನ್ನೊಮ್ಮೆ ಕಣ್ಣಿಗೊತ್ತಿಕೊಂಡರು. ಕೊನೆಯಲ್ಲಿ ಹಾಗೆ ಮಾಡುವುದು ಅವರ ಪದ್ಧತಿಯಲ್ಲಿ ಇರಲಿಲ್ಲ.

ಹಿಂದಿರುಗುವಾಗ ಕೇಳಿದೆ, “ಸಾರ್, ಎರಡು ತಂತಿ ಮುಟ್ಟಿದ್ರಲ್ಲ?”

“ಹಾಡೋವಾಗ ಮುಂದೆ ನೋಡ್ಬೇಕಮ್ಮ, ಹಿಂದೆ ಅಲ್ಲ” ಎಂದರು.

ದೊರೈ ಉಳಿದುಕೊಂಡ. ನರಹರಿಯವರಿಗೆ ಮಾತ್ರ ಮರ್ಯಾದೆ ಸ್ವಲ್ಪ ಕಡಿಮೆಯಾಯಿತು. ತಬಲಾದವನು ಬೈಸಿಕೊಂಡಾಗಲೆಲ್ಲ, “ಗಳಗಳ” ಎಂದು ಗೊಣಗುತ್ತಿದ್ದ. “ಯಾವಾಗ ಕೈಮುಗಿದು ಇಡ್ತೀರಿ ಸಾರ್?” ಎಂದು ಅಕಾರ್ಡಿಯನ್ನಿನವನು ಎದುರಿಗೇ ಕೇಳಿದ. ಅವರು ಗಿಟಾರಿನ ಶ್ರುತಿ ಸರಿಮಾಡತೊಡಗಿದರು. ಆ ಜಂಬದ ಮಾತನ್ನು ಮತ್ತೆಂದೂ ಆಡಲಿಲ್ಲ. ಅಷ್ಟು ಜಂಬದ ಮನುಷ್ಯ ಅದನ್ನೆಲ್ಲ ಹೇಗೆ ನುಂಗಿಕೊಂಡರೋ! ದೊರೈಗೆ ಬೈಯುವುದನ್ನು ಮಾತ್ರ ಬಿಡಲಿಲ್ಲ.

ನಾನು ಮದುವೆಯಾಗಿ ಬನಶಂಕರಿಗೆ ಹೋದ ಮೇಲೆ ಹಾಡುವುದು ನಿಂತಿತು. ಕೊನೆಯ ಸಲ ನರಹರಿಯವರನ್ನು ಕಂಡದ್ದು ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ. ಡಬ್ಬಿಗೆ ಬ್ಯಾಟರಿ ಕೊಳ್ಳುತ್ತ, ಚೌಕ ಬ್ಯಾಟರಿಯ ಎರಡು ತುದಿಗಳನ್ನೂ ನಾಲಿಗೆಗೆ ಒತ್ತಿ ನೋಡುತ್ತಿದ್ದರು. ಅಂಗಡಿಯವನು, “ಸಾರ್, ನೆಕ್ಕಿದ್ಮೇಲೆ ವಾಪಸ್ ತಗೊಳಲ್ಲ” ಎನ್ನುತ್ತಿದ್ದ. “ಚುರುಗುಟ್ಟಿಲ್ಲ ಅಂದ್ರೆ ನಾನೂ ತಗೊಳಲ್ಲ” ಎಂದು ಇವರು ಇನ್ನೊಂದನ್ನು ಬಾಯಿಗಿಟ್ಟರು. ನನ್ನನ್ನು ನೋಡಿ, “ಸಾಧನೆ ಮಾಡ್ತಿದ್ದೀರೇನಮ್ಮ?” ಎಂದರು. ಇಲ್ಲ ಎಂದೆ. “ಗಂಟಲು ಬಾಡಿಗೆಗೆ ಸಿಗಲ್ಲ” ಎಂದು ಬೈದರು.

ಅದಾಗಿ ಕೆಲವೇ ವಾರಗಳಿಗೆ, ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಹೋದಾಗ ದೊರೈಯೂ ಬಂದಿದ್ದ. ಊಟವಾದ ಮೇಲೆ ನರಹರಿಯವರ ಹೆಂಡತಿ ಕರವಸ್ತ್ರದಲ್ಲಿ ಸುತ್ತಿದ ಡಬ್ಬಿಯನ್ನು ಅವನ ಕೈಗಿತ್ತು, “ನಿಮಗೇ ಕೊಡ್ಬೇಕು ಅಂತ ಹೇಳ್ತಿದ್ರು” ಎಂದರು. ಗುಂಡಿಯ ಸಂದಿಯಲ್ಲಿ ಕುಂಕುಮ ಇನ್ನೂ ಉಳಿದಿತ್ತು. ಇಬ್ಬರೂ ಬಸ್ಸಿಗೆಂದು ಹೊರಟೆವು. ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿದವನೇ ದೊರೈ ಹಳೆಯ ದಾರಿ ಹಿಡಿದ, ನಾನೂ ಹಿಂದೆ ಹೋದೆ. ಟ್ರಾನ್ಸ್‌ಫಾರ್ಮರಿನ ಬೇಲಿಯ ಹತ್ತಿರ ನಿಂತ.

“ಅವತ್ತು ಜೆ.ಪಿ. ನಗರದಲ್ಲಿ ಅಣ್ಣ ತಪ್ಪು ಬಾರಿಸಿದ್ರಲ್ಲ ಮೇಡಂ” ಎಂದ. “ನಾನು ಕೆಳಗಡೆ ಕೂತು ಕಾಲಲ್ಲೇ ಬೀಟ್ ಹಾಕ್ತಿದ್ದೆ. ಕೈ ತಪ್ಪಿದ್ರೆ ಬೀಟೂ ತಪ್ಪುತ್ತೆ, ಯಾರಿಗಾದ್ರೂ. ಅಣ್ಣಂದು ಒಂದೊಂದು ತಪ್ಪೂ ಕರೆಕ್ಟಾಗಿ ಬೀಟ್ ಮೇಲೇ ಬಿತ್ತು.”

“ಅವರಿಗೆ ಹೇಳಿದ್ರಾ?”

“ಹೇಗೆ ಹೇಳೋದು ಮೇಡಂ? ಬೈತಿದ್ರು.”

ಒಳಗೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತಿತ್ತು. ದೊರೈ ಡಬ್ಬಿಯನ್ನು ಎದೆಗವಚಿಕೊಂಡು ತಲೆ ಓರೆ ಮಾಡಿದ. ನಾನೂ ಕಿವಿಗೊಟ್ಟೆ. ಸ್ವರ ಇಳಿದಿತ್ತೋ ಇಲ್ಲವೋ, ಇಬ್ಬರಿಗೂ ತಿಳಿಯಲಿಲ್ಲ.