ವಿಯೆನ್ನಾದಲ್ಲಿ ವೇದವತಿಯ ಕಚೇರಿ

ಗಂಡನ ನಾಲಿಗೆಗಾಗಿ ಹೆಂಡತಿಯ ಆಯುಷ್ಯವೆಲ್ಲ ಸವೆಯಬೇಕೇ ಎಂದು ದ್ವಾರಕಾನಾಥನನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಅಮೆರಿಕದ ಕ್ಯುಪರ್ಟಿನೋದಲ್ಲಿ ನಮ್ಮ ಪಕ್ಕದ ಮನೆಯವನು, ನನಗಿಂತ ಚಿಕ್ಕವನು, ಅದಕ್ಕೇ ಏಕವಚನ. ಒಳ್ಳೆಯವನೇ, ಆದರೆ ಹೊರಗಿನ ಊಟವೆಂದರೆ ಆಗದು. ಅವನ ಹೆಂಡತಿ ವೇದವತಿ ಮೈಸೂರಿನಲ್ಲಿ ಪಿಟೀಲು ಕಚೇರಿ ಕೊಟ್ಟವಳು. ಇಲ್ಲಿಗೆ ಬಂದು ಹನ್ನೆರಡು ವರ್ಷ ಸಾರು, ಪಲ್ಯ, ಆಫೀಸಿನ ಡಬ್ಬಿಯಲ್ಲೇ ಕಳೆದಳು.

೧೯೮೬ರ ಜೂನಿನಲ್ಲಿ ಬೆಂಗಳೂರಿಗೆ ಹೋಗುವಾಗ ಒಂದೆರಡು ದಿನ ವಿಯೆನ್ನಾದಲ್ಲಿ ಇಳಿಯೋಣವೆಂದು ಅವಳೇ ಕೇಳಿದಳು. ಆ ಊರಿನ ಪಿಟೀಲನ್ನು ಒಮ್ಮೆ ಎದುರಿಗೆ ಕೂತು ಕೇಳಬೇಕು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಭಾನುವಾರ ಮಧ್ಯಾಹ್ನ ಮೂರೂವರೆಗೆ ಕಚೇರಿ, ಮರುದಿನ ವಿಮಾನ. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಟಿಕೆಟ್ಟು ಕೊಟ್ಟವನು ಎರಡು ಸಲ ಹೇಳಿದ್ದ.

ಆ ಬೆಳಿಗ್ಗೆ ಮ್ಯೂಸಿಯಮ್ಮಿನಲ್ಲಿ ಅವಳು ಚಿತ್ರ ನೋಡಿದಳು, ಅವನು ಗಡಿಯಾರ ನೋಡಿದ. ಕಾಫಿ ಅಂಗಡಿಯಲ್ಲಿ ಅವಳು ಬಿಸಿ ಬಿಸಿ ಸೇಬಿನ ಸಿಹಿಯನ್ನು ಚಪ್ಪರಿಸಿ ತಿಂದಳು. ಮೊಟ್ಟೆ ಹಾಕಿರುತ್ತಾರೆಂದು ಅವನು ಮೂಸಿಯೂ ನೋಡಲಿಲ್ಲ. ಎರಡೂವರೆಗೆ ಹೋಟೆಲ್ ರೂಮಿಗೆ ಬಂದವನೇ ಕ್ಯುಪರ್ಟಿನೋದಿಂದ ಹೊತ್ತು ತಂದಿದ್ದ ರೈಸ್ ಕುಕ್ಕರು ಹೊರಗೆ ತೆಗೆದ.

"ರೀ, ಲೇಟಾಗತ್ತೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ? ಇಪ್ಪತ್ತು ನಿಮಿಷ ಕಣೇ. ಮೊಸರನ್ನ ತಿಂದು ಹೊರಟುಬಿಡೋಣ."

ಎಲೆಕ್ಟ್ರಿಕಲ್ ಇಂಜಿನಿಯರು ಬೇರೆ! ಅಮೆರಿಕದ ಕುಕ್ಕರನ್ನು ಅಲ್ಲಿಯ ಎರಡರಷ್ಟು ವೋಲ್ಟೇಜಿರುವ ಊರಿನಲ್ಲಿ ಚುಚ್ಚಿದ. ಫಟ್ ಎಂದಿತು. ರೂಮೆಲ್ಲ ಹೊಗೆ, ಇಡೀ ಮಹಡಿಗೆ ದೀಪವಿಲ್ಲ. ಓಡಿಬಂದ ಮ್ಯಾನೇಜರು ರಿಪೇರಿಯಾಗುವವರೆಗೆ ಕದಲಬೇಡಿ ಎಂದು ಕಿರುಚಾಡಿದ. ಆಗಲೇ ಮೂರು ಗಂಟೆ.

"ನೀವು ಇಲ್ಲಿರಿ. ನಾನು ಹೋಗ್ತೀನಿ."

"ಒಬ್ಬಳೇನಾ? ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ..."

ಅವಳಾಗಲೇ ಮೆಟ್ಟಿಲಿಳಿಯುತ್ತಿದ್ದಳು. ಸೀರೆ ಎತ್ತಿಕಟ್ಟಿ, ಸಿಕ್ಕಸಿಕ್ಕವರಿಗೆ ಟಿಕೆಟ್ಟು ತೋರಿಸಿ ದಾರಿ ಕೇಳುತ್ತ ಓಡಿದಳು. ಬಾಗಿಲು ಮುಚ್ಚುತ್ತಿದ್ದವನ ಕೈಯಡಿ ನುಸುಳಿ ಕೂತಳು.

ಪಿಟೀಲು ಶುರುವಾಯಿತು. ಅವಳ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಘಲ್! ಬಲಗೈಲಿ ಆರು ಗಾಜಿನ ಬಳೆ. ನಮ್ಮ ಸಭೆಗಳಲ್ಲಾದರೆ ಯಾರೂ ಲೆಕ್ಕಿಸುವುದಿಲ್ಲ. ಇಲ್ಲಿ ಮುಂದಿನ ಸಾಲು ತಿರುಗಿ ನೋಡಿತು. ಕೈ ಬಿಗಿಹಿಡಿದಳು, ಆಗಲಿಲ್ಲ, ಮತ್ತೆ ಘಲ್. ಪಕ್ಕದ ಮುದುಕಿ ತುಟಿಯ ಮೇಲೆ ಬೆರಳಿಟ್ಟು, ಬಾಗಿಲು ತೋರಿಸಿದಳು. ವೇದವತಿ ಬಳೆಗಳತ್ತ ನೋಡಿದಳು. ಮುತ್ತೈದೆ ಕೈ ಬೋಳು ಮಾಡಬಾರದು. ಅಮ್ಮ, ಅಜ್ಜಿ ಎಲ್ಲರೂ ಹೇಳಿದ್ದು ಅದನ್ನೇ. ಎದ್ದು ಹೋದರೆ ಈ ಜನ್ಮಕ್ಕೆ ಇದು ಮತ್ತೆ ಸಿಗದು. ಹಲ್ಲು ಕಚ್ಚಿಕೊಂಡು, ಗೆಣ್ಣು ತರಚಿದರೂ ಬಿಡದೆ, ಒಂದೊಂದೇ ಬಳೆ ಎಳೆದು ಕರ್ಚೀಫಿನಲ್ಲಿ ಸುತ್ತಿದಳು. ಎಡಗೈಯವನ್ನೂ ತೆಗೆದಳು. ಆಮೇಲೆ ಅಳುತ್ತ ಕೊನೆಯವರೆಗೂ ತಾಳ ಹಾಕಿದಳು.

ಆರು ಗಂಟೆಗೆ ರೂಮಿಗೆ ಬಂದಾಗ ದ್ವಾರಕಾನಾಥನ ಕಣ್ಣು ಮೊದಲು ಬಿದ್ದದ್ದು ಆ ಕೈಗಳ ಮೇಲೆ.

"ಏನೇ ಇದು ಅನಿಷ್ಟ? ನಾನಿನ್ನೂ ಬದುಕಿದೀನಿ ಕಣೇ!"

"ನಾನೂ ಬದುಕಿದೀನಿ ಕಣ್ರೀ," ಎಂದಳು ವೇದವತಿ. "ಇವತ್ತು ಗೊತ್ತಾಯ್ತು."