ಚಿಪ್ ನಕ್ಷೆಯ ಮೇಲೆ ತಿಮ್ಮಪ್ಪನ ನಾಮ

೧೯೮೬ನೆಯ ಇಸವಿ. ಆಗ ನನಗೆ ಮೂವತ್ತೊಂದು ವರ್ಷ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಕೆಲವು ವರ್ಷ ಗಣಿತವನ್ನೂ, ಕನ್ನಡ ಪಂಡಿತರು ರಜೆ ಹಾಕಿದಾಗಲೆಲ್ಲ ವ್ಯಾಕರಣವನ್ನೂ ಬೋಧಿಸಿ, ಕೋಲಾರದ ಒಂದು ಖಾಸಗಿ ಪಾಲಿಟೆಕ್ನಿಕ್ಕಿಗೆ ಉಪನ್ಯಾಸಕನಾಗಿ ಬಂದಿದ್ದೆ. ಮುಳಬಾಗಿಲಿನಲ್ಲಿ ನನ್ನ ಕೈಯಲ್ಲಿ ಕಲಿತಿದ್ದ ಬೈರಕೂರಿನ ಹುಡುಗಿಯೊಬ್ಬಳು ಬಿ.ಇ. ಮುಗಿಸಿ, ಅದೇ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದಳು. ಸಹೋದ್ಯೋಗಿಯಾದ ಮೇಲೂ ಅವಳು ನನ್ನನ್ನು ಕರೆಯುತ್ತಿದ್ದುದು ‘ಮೇಷ್ಟ್ರೇ’ ಎಂದೇ.

ಅವಳಿಗೆ ಎಂ.ಇ. ಓದುವ ಹಂಬಲವಿತ್ತು. ಪ್ರಾಂಶುಪಾಲರು ಅಧ್ಯಾಪಕರ ಸಭೆಯಲ್ಲಿ ಎಲ್ಲರೆದುರು ಒಂದು ಷರತ್ತು ಹಾಕಿದರು. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿಪ್ ವಿನ್ಯಾಸದ ಸಮ್ಮೇಳನದಲ್ಲಿ ಸಣ್ಣ ಕಾಲೇಜುಗಳ ನಕ್ಷೆಗಳನ್ನೂ ತಜ್ಞರು ಪರಿಶೀಲಿಸುತ್ತಿದ್ದರು. ಅವರು ಇವಳ ವಿನ್ಯಾಸ ಸರಿಯಿದೆ ಎಂದರೆ ಎರಡು ವರ್ಷದ ಬಿಡುಗಡೆ ಸಿಗುವುದು, ಕೆಲಸವೂ ಉಳಿಯುವುದು. ಇಲ್ಲವಾದರೆ ರಾಜೀನಾಮೆ ಕೊಟ್ಟು ಓದಬೇಕು. ರಾಜೀನಾಮೆ ಕೊಟ್ಟರೆ ಮನೆಯವರು ಓದಿಗೆ ಒಪ್ಪುವವರಲ್ಲ ಎಂಬುದು ನಮಗಿಬ್ಬರಿಗೂ ತಿಳಿದಿತ್ತು.

ನಮ್ಮಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಎರಡು ಸಂಖ್ಯೆಗಳನ್ನು ಕೂಡುವ ಪುಟ್ಟ ಚಿಪ್ ಒಂದರ ನಕ್ಷೆಯನ್ನು ಮೇಜಿನಷ್ಟು ಅಗಲದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲುಗಳಿಂದ ಅವಳು ತಿಂಗಳುಗಟ್ಟಲೆ ಕುಳಿತು ಬರೆದಳು. ಹಸಿರು ಗೆರೆ ವಿದ್ಯುತ್ತು ಹರಿಯುವ ದಾರಿ. ಅದನ್ನು ಕೆಂಪು ಗೆರೆ ದಾಟಿದ ಕಡೆಯಲ್ಲೆಲ್ಲ ಒಂದು ಟ್ರಾನ್ಸಿಸ್ಟರ್ ಹುಟ್ಟುತ್ತದೆ. ಅದೇ ಆ ದಾರಿಯನ್ನು ತೆರೆದು ಮುಚ್ಚುವ ಗೇಟು. ಗೆರೆಗಳ ನಡುವಿನ ಅಂತರ ನಿಯಮಕ್ಕಿಂತ ಕಡಿಮೆಯಾದರೆ ಹಿಡಿದು ತೋರಿಸುವ ಕೆಲಸ ನನ್ನದು. ಅಲ್ಪವಿರಾಮ ತಪ್ಪಿದರೂ ಸುಮ್ಮನಿರದವನಿಗೆ ತಕ್ಕ ಕೆಲಸವೆಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

ದಸರೆಗೆ ಹಾಸ್ಟೆಲ್ ಮುಚ್ಚಿತು. ಉಳಿದ ಒಂದು ಮೂಲೆಯನ್ನು ಊರಿನಲ್ಲಿ ಮುಗಿಸುತ್ತೇನೆಂದು ಅವಳು ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದಳು. ಸಮ್ಮೇಳನ ವಿಜಯದಶಮಿಯ ಮಾರನೆಯ ದಿನ. ಕೊನೆಯ ಸಲ ನೋಡಿಬಿಡೋಣವೆಂದು ನಾನು ಆಯುಧ ಪೂಜೆಯ ದಿನ ಬೈರಕೂರಿಗೆ ಬಸ್ಸು ಹಿಡಿದೆ.

ಪಡಸಾಲೆಗೆ ಕಾಲಿಟ್ಟವನು ನಿಂತಲ್ಲೇ ನಿಂತೆ. ದೇವರ ಪಟದ ಮುಂದೆ ಕುಡುಗೋಲು, ಮಚ್ಚು, ಪಂಪ್‌ಸೆಟ್ಟಿನ ಸ್ಪ್ಯಾನರು. ಅವುಗಳ ಕೆಳಗೆ ಹಾಸಿದ್ದುದು ನಮ್ಮ ನಕ್ಷೆ. ಅದರ ಮೂಲೆಗಳಲ್ಲಿ ಅರಿಶಿನ. ನಟ್ಟ ನಡುವೆ, ನೀರಿನಲ್ಲಿ ಕಲಸಿದ ಕುಂಕುಮದಿಂದ ಎಳೆದ, ಗೇಣುದ್ದದ ತಿಮ್ಮಪ್ಪನ ನಾಮ.

“ಬನ್ನಿ ಮೇಷ್ಟ್ರೇ, ಕುತ್ಕೊಳ್ಳಿ,” ಎಂದರು ಅವಳ ತಾಯಿ. “ನಿಮ್ ನಕ್ಷೆಗೂ ಪೂಜೆ ಆಯ್ತು.”

“ಅಮ್ಮಾ, ಇದೇನ್ ಮಾಡಿಬಿಟ್ರಿ!”

“ಏನ್ ಮಾಡ್ದೆ? ಅವ್ರಪ್ಪಂಗೆ ಪಂಪ್‌ಸೆಟ್ಟು, ಇವ್ಳಿಗೆ ಇದು. ಅನ್ನ ಕೊಡೋದಕ್ಕೆ ನಾಮ ಇಡ್ದೆ ಇರಕ್ಕಾಗ್ತದಾ?”

ನನ್ನ ದನಿ ಕೇಳಿ ಮಗಳು ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು. ಅವಳೂ ಅದನ್ನು ಮೊದಲು ನೋಡಿದ್ದು ಆಗಲೇ. “ಅಮ್ಮಾ! ಅದು ಕೆಂಪು ಕಣಮ್ಮಾ!”

“ಕುಂಕುಮ ಕೆಂಪಿರ್ದೆ ಹಸಿರಿರ್ತದೇನೇ?”

“ನಮ್ಮೋಳು ಬೆಂಗ್ಳೂರೋರ್ಗೇ ನಾಮ ಇಟ್ಬಿಟ್ಲು ಮೇಷ್ಟ್ರೇ,” ಎಂದು ತಂದೆ ಜಗಲಿಯಿಂದಲೇ ನಕ್ಕರು.

ನನಗೆ ನಗು ಬರಲಿಲ್ಲ. ಒಣಗುವ ಮುನ್ನ ಒರೆಸೋಣವೆಂದು ಬಗ್ಗಿದೆ. ತಾಯಿ ಅಡ್ಡ ಬಂದರು. “ಮುಟ್ಬೇಡಿ! ಪೂಜೆಗಿಟ್ಟ ಆಯುಧನ ನಾಳೆ ಸಾಯಂಕಾಲ ಮರುಪೂಜೆ ಆಗೋವರ್ಗೂ ಕದಲಿಸಂಗಿಲ್ಲ.” ಆಮೇಲೆ ಅಳುತ್ತಿದ್ದ ಮಗಳಿಗೆ, “ಸುಮ್ಕಿರು, ಊರ್ಕೋ ಪಾಪಾ, ಅಳ್ಬೇಡ. ದೇವ್ರ ಮುಂದಿರೋದು ಎಲ್ಗೋಗ್ತದೆ?”

ಮಗಳ ಗೆಲುವಿಗಾಗಿಯೇ ಆ ನಾಮವನ್ನು ಇಟ್ಟ ಹೆಂಗಸಿನೊಡನೆ ಏನೆಂದು ವಾದಿಸುವುದು? ಮಾರನೆಯ ಸಂಜೆ ಒರೆಸಿದಾಗ ಪೆನ್ಸಿಲ್ಲಿನ ಹಸಿರು ಹೋಯಿತು, ಕುಂಕುಮ ಉಳಿಯಿತು. ಅಳಿಸಿಹೋದ ಹಸಿರು ಗೆರೆಗಳನ್ನು ಅವಳು ಮತ್ತೆ ಎಳೆದಳು. ಹೊಸ ಹಾಳೆ ಬರೆಯುವಷ್ಟು ಸಮಯವಿರಲಿಲ್ಲ. ವಿಷಯ ತಿಳಿಸಲು ನಾನು ಫೋನ್ ಮಾಡಿದಾಗ, ಕೆಂಪು ಶಾಯಿ ಚೆಲ್ಲಿತೆಂದು ಹೇಳಿಬಿಡಿ ಎಂದು ಪ್ರಾಂಶುಪಾಲರು ಅಪ್ಪಣೆ ಮಾಡಿದರು.

ಸಮ್ಮೇಳನದ ಸಭಾಂಗಣದಲ್ಲಿ ನಮ್ಮ ಹಾಳೆಯನ್ನು ಹಲಗೆಗೆ ಅಂಟಿಸಿದೆವು. ಪರಿಶೀಲಿಸಲು ಬಂದ ಹಿರಿಯ ತಜ್ಞರು ನಾವು ಕೋಲಾರದವರೆಂದು ತಿಳಿದು ಕನ್ನಡದಲ್ಲೇ ಮಾತಾಡಿದರು. ಅವರ ಬೆರಳು ಸಾಲು ಸಾಲಾಗಿ ಇಳಿದು ನಾಮದ ಮೇಲೆ ನಿಂತಿತು.

“ಏನಮ್ಮಾ, ಇಲ್ಲಿ ಒಂದು ಟ್ರಾನ್ಸಿಸ್ಟರ್ ಜಾಸ್ತಿ ಇದೆಯಲ್ಲ?”

“ಅದು ನಮ್ಮಮ್ಮ ಹಾಕಿದ್ದು ಸಾರ್. ಆಯುಧ ಪೂಜೆಗೆ.”

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಜ್ಞರು ಮಾತ್ರ ನಗಲಿಲ್ಲ. “ಅದನ್ನ ಹಾಗೇ ಬಿಟ್ಟು ಚಿಪ್ ಮಾಡಿಸಿದ್ರೆ ಏನಾಗುತ್ತೆ?”

ಅವಳು ಕುಂಕುಮದ ಗೆರೆಯುದ್ದಕ್ಕೂ ಬೆರಳಾಡಿಸಿದಳು. “ಕುಂಕುಮ ಪಕ್ಕದಲ್ಲಿರುವ, ಕೂಡುವಾಗ ಮುಂದಿನ ಸ್ಥಾನಕ್ಕೆ ಒಯ್ಯುವ ದಶಕದ ಗೆರೆಗೂ ತಾಗಿದೆ ಸಾರ್. ದಶಕ ಬಂದಾಗ ತೊಂದರೆ ಇಲ್ಲ. ಬರದಿದ್ದಾಗ, ಉತ್ತರವನ್ನ ಸೊನ್ನೆಗೆ ಇಳಿಸುವ ಈ ದಾರಿ ಮುಚ್ಚಿಹೋಗುತ್ತೆ, ಉತ್ತರ ಯಾವಾಗಲೂ ಒಂದು ಅಂತಲೇ ತೋರಿಸುತ್ತೆ.”

“ಅಂದ್ರೆ, ಸೊನ್ನೆಗೆ ಸೊನ್ನೆ ಕೂಡಿದ್ರೆ?”

“ಒಂದು, ಸಾರ್.”

“ನಿಮ್ಮ ತಾಯಿ ಬಹಳ ಧಾರಾಳಿ ಕಣಮ್ಮಾ!” ಎಂದು ಆಗ ಅವರು ನಕ್ಕರು. ಉಳಿದ ಗೆರೆಗಳನ್ನೂ ನೋಡಿ, ಕಲೆಯನ್ನು ಬಿಟ್ಟು ವಿನ್ಯಾಸ ಸರಿಯಿದೆ ಎಂದು ಬರೆದುಕೊಟ್ಟರು.

ಕೋಲಾರಕ್ಕೆ ಮರಳಿದ ನಮಗೆ ಮತ್ತೊಂದು ಆಘಾತ ಕಾದಿತ್ತು. ಸಭಾಂಗಣವೆಲ್ಲ ನಕ್ಕಿತಂತೆ, ಕಾಲೇಜಿನ ಮಾನ ಹೋಯಿತು, ಬಿಡುಗಡೆಯ ಮಾತೇ ಇಲ್ಲ ಎಂದರು ಪ್ರಾಂಶುಪಾಲರು. ನಾನು ಮುಂದಿನ ಅಧ್ಯಾಪಕರ ಸಭೆಯಲ್ಲಿ ಎದ್ದುನಿಂತು, ಅವರು ಹಾಕಿದ್ದ ಷರತ್ತನ್ನು ಅವರದೇ ಪದಗಳಲ್ಲಿ ಒಪ್ಪಿಸಿದೆ. ‘ವಿನ್ಯಾಸ ಸರಿಯಿದೆ ಎಂದರೆ’ ಎಂದಿದ್ದರೇ ಹೊರತು ‘ಯಾರೂ ನಗದಿದ್ದರೆ’ ಎಂದಿರಲಿಲ್ಲ. ಸಭೆಯಲ್ಲಿ ಯಾರೂ ಅಲ್ಲವೆನ್ನದಿದ್ದಾಗ ಪ್ರಾಂಶುಪಾಲರು ಒಪ್ಪಲೇಬೇಕಾಯಿತು. ಆದರೂ ಆಡಳಿತ ಮಂಡಳಿ ತಿಂಗಳುಗಟ್ಟಲೆ ಎಳೆದಾಡಿತು. ಕೆಲಸವನ್ನು ಉಳಿಸಿ ಎರಡು ವರ್ಷ ಓದಲು ಬಿಡುವ ಆದೇಶ ಅವಳ ಕೈಸೇರಿದ್ದು ೧೯೮೭ನೆಯ ಇಸವಿ ಜನವರಿ ೧೯, ಸೋಮವಾರ.