ಅಂಕಲಿ ರಸ್ತೆಯಲ್ಲಿ ರಬ್ಬರಿನ ವಾಸನೆ

ಕಳೆದ ಭಾನುವಾರ ಓಡುತ್ತಿದ್ದ ನನ್ನ ಕಾರಿನಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಗಾಡಿ ನಿಲ್ಲಿಸುತ್ತಾರೆ.

ನಾನು ಕಿಟಕಿಯ ಗಾಜು ಏರಿಸಿದೆ.

ಅತ್ತೆಯನ್ನು ದಿಗ್ಗೇವಾಡಿಯ ಅವರ ತಮ್ಮನ ಮನೆಗೆ ಬಿಡಲು ನಿಪ್ಪಾಣಿಯಿಂದ ಹೊರಟಿದ್ದೆ. ಚಿಕ್ಕೋಡಿ ದಾಟಿ ಅಂಕಲಿ ರಸ್ತೆ ಹಿಡಿದಾಗ ವಾಸನೆ ಶುರುವಾಯಿತು. ಹೊಲದಲ್ಲಿ ಯಾರೋ ಕಬ್ಬಿನ ರವದಿ (ಒಣಗಿದ ಸೋಗೆ) ಸುಡುತ್ತಿರಬೇಕು ಅಂದುಕೊಂಡೆ. ಅಲ್ಲ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ತೆವಳುತ್ತಿತ್ತು, ಅದರ ಟೈರ್ ಇರಬಹುದೇ? ಅದನ್ನು ಹಿಂದೆ ಹಾಕಿದೆ. ವಾಸನೆ ನಮ್ಮ ಜೊತೆಗೇ ಬಂತು.

ಆಗ ಅದರ ಗುರುತು ಸಿಕ್ಕಿತು.

ನನ್ನ ಗಂಡನಿಗೆ ನಿಪ್ಪಾಣಿಯಲ್ಲಿ ಟೈರ್ ರಿಮೋಲ್ಡ್ ಮಾಡುವ ಶೆಡ್ ಇತ್ತು. ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿ ಬೇಯಿಸುವ ಕೆಲಸ. ಆ ವಾಸನೆ ಅವರ ಅಂಗಿಯಲ್ಲಿ, ಕೂದಲಲ್ಲಿ, ಅವರು ತಲೆಯಿಡುವ ದಿಂಬಿನಲ್ಲಿ ಇರುತ್ತಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. (ಮದುವೆಯ ಹೊಸದರಲ್ಲಿ ಮೂಗು ಮುಚ್ಚಿಕೊಂಡಿದ್ದೇನೆ. ಆಮೇಲೆ ಅದಿಲ್ಲದೆ ನಿದ್ದೆಯೇ ಬರುತ್ತಿರಲಿಲ್ಲ.) ಅವರು ಹೋಗಿ ಎರಡು ವರ್ಷವಾಯಿತು. ಶೆಡ್ ಮಾರಿದೆವು. ತೆಗೆದಿಟ್ಟ ಒಂದು ಅಂಗಿಯನ್ನು ಆಗಾಗ ಮೂಸಿ ನೋಡುತ್ತಿದ್ದೆ. ಈಗ ಅದರಲ್ಲಿ ಕಪಾಟಿನ ವಾಸನೆ ಬಿಟ್ಟು ಬೇರೇನೂ ಇಲ್ಲ.

ಹೀಗಿರುವಾಗ, ನಡು ರಸ್ತೆಯಲ್ಲಿ, ಹೇಳದೆ ಕೇಳದೆ, ಅದು ಬಂದರೆ?

ಎಲ್ಲಿ ಗಾಳಿಗೆ ಹಾರಿಹೋಗುತ್ತದೋ ಎಂದು ನನ್ನ ಕಡೆಯ ಗಾಜು ಏರಿಸಿದೆ. ಆಮೇಲೆ ಅತ್ತೆಯ ಕಡೆಯದು. ಪಕ್ಕದಲ್ಲಿ ಅವರು ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹೋಗಿದ್ದಾರೆ ಅಂದುಕೊಂಡೆ. ನಿಲ್ಲಿಸಬೇಕು ಎಂದು ತಲೆ ಹೇಳುತ್ತಿತ್ತು. ಆ ತಿರುವು ದಾಟಲಿ, ಆ ಬಾವಿ ದಾಟಲಿ ಎಂದು ಕಾಲು ಆಕ್ಸಿಲರೇಟರ್ ಬಿಡಲಿಲ್ಲ.

ಕೊನೆಗೆ ಬ್ಯಾಟರಿಯ ಕೆಂಪು ದೀಪ ಹತ್ತಿತು. ಬಿಸಿ ತೋರಿಸುವ ಮುಳ್ಳು ಮೇಲೇರಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಆಗ ನಿಜವಾಗಿ ಹೆದರಿದೆ. ಗಾಡಿ ಬದಿಗೆ ಹಾಕಿ, ಅತ್ತೆಯ ಕೈ ಹಿಡಿದು ಇಳಿಸಿ, ತುಸು ದೂರದ ಬೇವಿನ ಮರದ ಕೆಳಗೆ ಕೂರಿಸಿದೆ.

ಹೊಗೆ ನಿಂತ ಮೇಲೆ ಒಂದೊಂದೇ ನೋಡಿದೆ. ಹ್ಯಾಂಡ್‌ಬ್ರೇಕ್ ಹಾಗೇ ಉಳಿದಿತ್ತೇ? ಇಲ್ಲ. ಗಾಲಿಗಳ ಹತ್ತಿರ ಕೈ ಹಿಡಿದೆ, ಯಾವುದೂ ಕಾದಿರಲಿಲ್ಲ. ಬಗ್ಗಿ ನೋಡಿದೆ, ಸೈಲೆನ್ಸರಿಗೆ ಪ್ಲಾಸ್ಟಿಕ್ ಅಂಟಿರಲಿಲ್ಲ. ಅಂದರೆ ತೊಂದರೆ ಎಂಜಿನ್ ಕಡೆಯದೇ. ಅಂಕಲಿಯ ಮೆಕ್ಯಾನಿಕ್ ಬಾಳುಗೆ ಫೋನ್ ಮಾಡಿದೆ. ಬೈಕಿನಲ್ಲಿ ಬಂದ.

"ಜರಾ ಚಾಲು ಮಾಡ್ರಿ ಅಕ್ಕಾರ," ಎಂದ. ಕೀ ತಿರುಗಿಸಿದೆ. ಕಿರ್ರ್ ಎಂದು ಕೂಗಿತು. "ಬಂದ್ ಮಾಡ್ರಿ, ಬಂದ್ ಮಾಡ್ರಿ. ಈ ಪುಲ್ಲಿ ಜಾಮ್ ಆಗೇತ್ರಿ. ಅದು ತಿರಗವಲ್ದು, ಬೆಲ್ಟ್ ಅದರ ಮ್ಯಾಲ ತಿಕ್ಕೊಂಡು ಸುಟ್ಟೈತಿ. ವಾಸನಿ ಯಾವಾಗಿಂದ ಬರಾಕತ್ತಿತ್ರಿ?"

"ಈಗ ಬಂತ್ರಿ, ಇಲ್ಲೇ," ಎಂದು ಸುಳ್ಳು ಹೇಳಿದೆ.

ಮರದ ಕೆಳಗಿಂದ ಅತ್ತೆಯ ದನಿ ಬಂತು. "ಚಿಕ್ಕೋಡಿ ದಾಟಿದ ಮ್ಯಾಲಿಂದ ಬರಾಕತ್ತಿತ್ತಪಾ."

ಬಾಳು ನನ್ನ ಮುಖ ನೋಡಿದ. ಆಮೇಲೆ ಹೊಸ ಪುಲ್ಲಿ, ಬೆಲ್ಟ್ ತರಲು ಚಿಕ್ಕೋಡಿಗೆ ಹೋದ. ನಾನು ಹೋಗಿ ಅತ್ತೆಯ ಪಕ್ಕ ಕುಳಿತೆ.

"ನಿಮಗ ಗೊತ್ತಾಗಿತ್ತು. ಯಾಕ ಹೇಳ್ಲಿಲ್ರಿ ಅತ್ತಿ?"

"ಹೇಳಿದ್ರ ನೀ ಗಾಡಿ ನಿಲ್ಲಸ್ತಿದ್ದಿ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ನನ್ನ ಮಗ ಶೆಡ್ಡಿನಿಂದ ಬಂದು ನನ್ನ ಬಾಜೂಕ ಕುಂತಂಗ ಆತವಾ. ಕಣ್ಣ ತಗದ್ರ ಎದ್ದು ಹೋಗ್ತಾನಂತ ಮುಚ್ಕೊಂಡೇ ಕುಂತೆ," ಎಂದರು.

ಈ ಎರಡು ವರ್ಷ ನಾವಿಬ್ಬರೂ ಒಬ್ಬರ ಎದುರಿಗೆ ಒಬ್ಬರು ಅತ್ತಿರಲಿಲ್ಲ. ನಾನು ಅಳಬಾರದೆಂದು ಅವರು, ಅವರು ಅಳಬಾರದೆಂದು ನಾನು. ಅಂದು ಇಬ್ಬರೂ ಅತ್ತೆವು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಡ್ರೈವರುಗಳು ತಿರುಗಿ ತಿರುಗಿ ನೋಡಿದರು. ನೋಡಲಿ ಬಿಡಿ.

ಬಾಳು ಬಂದು ಪುಲ್ಲಿ, ಬೆಲ್ಟ್ ಹಾಕಿದ. ಕೂಗು ನಿಂತಿತು, ದೀಪ ಆರಿತು. "ಇನ್ನ ವಾಸನಿ ಬರಂಗಿಲ್ರಿ ಅಕ್ಕಾರ, ಚಿಂತಿ ಬ್ಯಾಡ," ಎಂದ. ಅತ್ತೆ, "ಛಲೋ ಆತಪಾ," ಎಂದರು. ಆ ಮಾತಿನಲ್ಲಿ ಛಲೋ ಆದದ್ದೇನೂ ಕೇಳಿಸಲಿಲ್ಲ. ದಿಗ್ಗೇವಾಡಿಯವರೆಗೆ ಅವರು ಆಗಾಗ ಉಸಿರೆಳೆದು ನೋಡುತ್ತಿದ್ದರು. ನಾನೂ.

ನೀವು ಹೀಗೆ ಮಾಡಬೇಡಿ. ರಬ್ಬರ್ ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಗಾಡಿ ನಿಲ್ಲಿಸಿ, ಇಳಿಯಿರಿ. ಬೆಂಕಿ ಹತ್ತಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ.

ಆದರೂ ಒಂದು ಮಾತು ಕೇಳುತ್ತೇನೆ. ಹೋದವರ ಮುಖ ಫೋಟೋದಲ್ಲಿ ಉಳಿಯುತ್ತದೆ, ದನಿ ಮೊಬೈಲಿನಲ್ಲಿ ಉಳಿಯುತ್ತದೆ. ವಾಸನೆಯನ್ನು ಎಲ್ಲಿ ಇಟ್ಟುಕೊಳ್ಳುವುದು?